ರವೆಯ ಎರಡನೆಯ ಚಿತ್ರ

ಯಂತ್ರ ಒಂದು ಚಿಟಿಕೆ ರವೆಯನ್ನು ಗಾಜಿನ ಮೇಲೆ ಹರಡಿಕೊಂಡು, ಸೂಕ್ಷ್ಮದರ್ಶಕದ ಕಣ್ಣಿಂದ ಫೋಟೊ ತೆಗೆಯಿತು. ಪರದೆಯ ಮೇಲೆ ಮೊದಲು ಕಂಡದ್ದು ಸಂತೆ ಮುಗಿದ ಬಯಲಿನಂಥ ದೃಶ್ಯ: ಕಣಕ್ಕೆ ಕಣ ಅಂಟಿತ್ತು, ನಡುವೆಲ್ಲ ನೆರಳು, ಧೂಳು. ಎರಡೇ ಕ್ಷಣದಲ್ಲಿ ಯಂತ್ರ ಬೇಡದ್ದನ್ನೆಲ್ಲ ಅಳಿಸಿ, ಅಂಟಿದ್ದನ್ನು ಬಿಡಿಸಿ, ಒಂದೊಂದು ಕಣದ ಪಕ್ಕವೂ ಅಳತೆ ಬರೆಯಿತು.

"ಇದು ಚಿತ್ರಶೋಧಕ," ಎಂದಳು ವಿಜ್ಞಾನಿ ಸುಮೇಧಾ ನಾಡಿಗೇರ. "ನೆರಳನ್ನು ಕಣ ಅಂತ ಎಣಿಸಿದರೆ ಅಳತೆ ತಪ್ಪುತ್ತದೆ. ಅಂಟಿಕೊಂಡ ಎರಡು ಸಣ್ಣ ಕಣ ಒಂದು ದಪ್ಪ ಕಣವಾಗಿಬಿಡುತ್ತದೆ. ಅದಕ್ಕೇ ಮೊದಲು ಚಿತ್ರ ಸ್ವಚ್ಛ ಮಾಡಬೇಕು. ಯಾವುದು ರವೆ ಅಲ್ಲ ಅಂತ ನೀವು ಇದಕ್ಕೆ ಕಲಿಸಿ, ದುಂಡವ್ವ."

ದುಂಡವ್ವ ಗದಗಿನ ಆ ರವೆ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಜರಡಿ ಹಿಡಿದವಳು. ಎಂಟು ದಿನ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು: ಇದು ನೆರಳು, ಇದು ಗೋಣಿಚೀಲದ ನಾರು, ಇದು ಹುಳದ ಕಾಲು. ಒಮ್ಮೆ ಹೇಳಿದ್ದನ್ನು ಯಂತ್ರ ಮರೆಯುತ್ತಿರಲಿಲ್ಲ. ಈ ವಿಷಯದಲ್ಲಿ ಗಿರಣಿಯ ಸಾಹುಕಾರನಿಗಿಂತ ವಾಸಿ ಎಂದುಕೊಂಡಳು.

ಪ್ರತಿ ಪೊಟ್ಟಣದ ಮೇಲೂ ಕಣದ ಅಳತೆ, ಚಿತ್ರ ಎರಡೂ ಇರಬೇಕೆಂದು ಕಾಯಿದೆ ಬಂದಿತ್ತು. ಸಾಹುಕಾರ ಅಡಿವೆಪ್ಪ ತನ್ನ ರವೆಯ ಚಿತ್ರ ನೋಡಿದ. ಹಾಲಿನಲ್ಲಿ ತೊಳೆದಂತಿತ್ತು. ಮರುದಿನವೇ ಜರಡಿ ಕೋಣೆಗೆ ಬೀಗ ಬಿತ್ತು.

"ಯಂತ್ರಾನ ಎಲ್ಲಾ ತಗೀತೈತಿ. ನೀ ಇನ್ನ ಆರಾಮ ಇರವಾ."

"ಆರಾಮ ಇದ್ರ ಉಣ್ಣೂದೇನ್ರಿ?"

ಅಡಿವೆಪ್ಪ ಬಾರದ ಫೋನನ್ನು ಕಿವಿಗಿಟ್ಟುಕೊಂಡ.

ಹದಿನೈದು ದಿನಕ್ಕೆ ಹುಬ್ಬಳ್ಳಿಯ ಮದುವೆಯೊಂದರಲ್ಲಿ ಬೀಗರ ಉಪ್ಪಿಟ್ಟಿನಲ್ಲಿ ಹುಳ ಸಿಕ್ಕಿತು. ಮೂಟೆಗಳೆಲ್ಲ ವಾಪಸು ಬಂದವು.

"ಚಿತ್ರದಾಗ ಒಂದ ಹುಳ ಇರಲಿಲ್ಲಲ್ರೀ," ಎಂದು ಅಡಿವೆಪ್ಪ ಸುಮೇಧಾಳ ಮೇಲೆ ಹರಿಹಾಯ್ದ.

"ನಾನು ಸ್ವಚ್ಛ ಮಾಡಿದ್ದು ಚಿತ್ರವನ್ನು. ರವೆಯನ್ನಲ್ಲ."

ಅಳಿಸಿದ್ದನ್ನೆಲ್ಲ ಯಂತ್ರ ಬೇರೆಯಾಗಿ ಕೂಡಿಟ್ಟಿತ್ತು. ಅದನ್ನು ಓದಲು ದುಂಡವ್ವನನ್ನೇ ಕರೆಸಬೇಕಾಯಿತು. ಅವಳು ಕನ್ನಡಕ ಏರಿಸಿ ನಿಧಾನಕ್ಕೆ ಎಣಿಸಿದಳು. "ಕಾಲು ನಲವತ್ತೆರಡು. ಹುಳ ಏಳು. ಒಂದ ಕಾಲೂ ಬಿಟ್ಟಿಲ್ಲ ನೋಡ್ರಿ ಬಾಯಾರ. ಭಾಳ ಶಾಣ್ಯಾ ಐತಿ ನಿಮ್ಮ ಯಂತ್ರ."

ಅಳಿಸಿದ್ದರ ಚಿತ್ರವನ್ನೂ ಪೊಟ್ಟಣದ ಮೇಲೆ ಅಚ್ಚು ಹಾಕಬೇಕೆಂದು ಅಧಿಕಾರಿಗಳು ಗಿರಣಿಗೆ ಶಿಕ್ಷೆ ಕೊಟ್ಟರು. ಇನ್ನು ಗಿರಣಿ ಮುಳುಗಿತು ಎಂದು ಅಡಿವೆಪ್ಪ ತಲೆಯ ಮೇಲೆ ಕೈಹೊತ್ತು ಕುಳಿತ. ಜರಡಿ ಕೋಣೆಯ ಕೀಲಿಯನ್ನು ದುಂಡವ್ವನ ಕೈಗೇ ಕೊಟ್ಟ.

ಅಂಗಡಿಗಳಲ್ಲಿ ಆದದ್ದೇ ಬೇರೆ. ಹೆಂಗಸರು ಎರಡನೆಯ ಚಿತ್ರವನ್ನೇ ಮೊದಲು ನೋಡತೊಡಗಿದರು. ಉಳಿದ ಗಿರಣಿಯವರು ಹುಳ ಮುಚ್ಚಿಡುತ್ತಾರೆ, ಇವರೊಬ್ಬರು ತೋರಿಸುತ್ತಾರೆ ಎಂದು ಇದನ್ನೇ ಕೊಂಡರು. ಮಾರಾಟ ಇಮ್ಮಡಿಯಾಯಿತು.

ದುಂಡವ್ವ ಮಾತ್ರ ತನ್ನ ಪಾಡಿಗೆ ಜರಡಿ ಹಿಡಿಯುತ್ತಲೇ ಇದ್ದಳು. ಕೊನೆಗೊಂದು ವಾರ ಎರಡನೆಯ ಚಿತ್ರದಲ್ಲಿ ನೆರಳು ಬಿಟ್ಟರೆ ಏನೂ ಇರಲಿಲ್ಲ. ಇವರೂ ಮುಚ್ಚಿಡುವುದನ್ನು ಕಲಿತರು ಎಂದು ಜನ ಪೊಟ್ಟಣ ಮುಟ್ಟಲಿಲ್ಲ.

ಅಡಿವೆಪ್ಪ ಜರಡಿ ಕೋಣೆಗೆ ಬಂದು ದನಿ ತಗ್ಗಿಸಿದ. "ದುಂಡವ್ವಾ, ಒಂದೆರಡು ಕಾಲಾದ್ರೂ ಬಿಡವಾ."

ಅವಳು ಜರಡಿ ನಿಲ್ಲಿಸಲಿಲ್ಲ. "ಹುಳ ಹಿಡಿಯೂದು ನನ್ನ ಕೆಲಸರಿ ಸಾವ್ಕಾರ್ರ. ಸಾಕೂದು ನೀವ ನೋಡ್ಕೋರಿ."