ಯಾವ ಗ್ರಂಥದ್ದು ಅಂತ ಹೇಳಂಗಿಲ್ಲ

ಧೀರೇಂದ್ರ ಮದುವೆಯ ಮಾತು ತೆಗೆದಾಗ ಪೂರ್ವಾ ಉತ್ತರ ಕೊಡಲಿಲ್ಲ. ಅವನಿಗೊಂದು ಪರೀಕ್ಷೆ ಇಟ್ಟಳು.

ಇಬ್ಬರೂ ತಿಕೋಟಾದ ಕಾಲೇಜೊಂದರಲ್ಲಿ ಕಲಿಸುವವರು. ಅವನದು ಭೌತಶಾಸ್ತ್ರ, ಇವಳದು ರಸಾಯನಶಾಸ್ತ್ರ. ಸಂಜೆ ವಿಜಯಪುರಕ್ಕೆ ಮರಳುವ ಬಸ್ಸಿನಲ್ಲಿ ಅವರದು ಯಾವಾಗಲೂ ಒಂದೇ ಜಗಳ: ಯಾವ ಧರ್ಮದ ಗ್ರಂಥ ಹೇಳುವುದು ನಿಜ? ಬಬಲೇಶ್ವರದ ಅವನ ಮನೆಯಲ್ಲಿ ದಿನಾ ಪುರಾಣ ಓದುತ್ತಾರೆ; ಅವನಿಗೆ ಅದು ಸತ್ಯ. ಪೂರ್ವಾಳಿಗೆ ಯಾವ ಗ್ರಂಥದಲ್ಲೂ ನಂಬಿಕೆಯಿಲ್ಲ. ಅವನ ಮೇಲೆ ಪ್ರೀತಿಯಿತ್ತು. ಆದರೆ ಆ ಮನೆಯಲ್ಲಿ ಜೀವನವಿಡೀ ನಂಬಿದಂತೆ ನಟಿಸಬೇಕಾದೀತೆಂಬ ಭಯ ಅದಕ್ಕಿಂತ ಕಡಿಮೆಯಿರಲಿಲ್ಲ.

"ಪ್ರ್ಯಾಕ್ಟಿಕಲ್‌ನ್ಯಾಗ ಹುಡುಗರಿಗೆ ಹೆಸರಿಲ್ಲದ ಲವಣ ಕೊಟ್ಟು, ಯಾವುದಂತ ಪತ್ತೆ ಹಚ್ರಿ ಅಂತೀವಲ್ಲ, ಹಂಗ," ಎಂದಳು. "ಒಂದೊಂದು ಮಾತು ಹೇಳ್ತೀನಿ. ಯಾವ ಗ್ರಂಥದ್ದು ಅಂತ ಹೇಳಂಗಿಲ್ಲ. ನಂಬೂದೋ ಬಿಡೂದೋ ನೀವ ಹೇಳ್ರಿ."

"ಫೇಲಾದ್ರ?"

"ಆಗ್ರಿ. ಹುಡುಗರು ಆಗಂಗಿಲ್ಲೇನು?"

ಅವನು ನಗುತ್ತ ಅವಳ ಕಡೆ ತಿರುಗಿ ಕೂತ. ಇಳಿಬಿಸಿಲು ಅವನ ಕನ್ನಡಕದ ಅಂಚಿಗೆ ಬಂದು ನಿಂತಿತ್ತು. ಅವಳು ನೋಡಿದಳು, ನೋಡಲೇ ಇಲ್ಲವೆಂಬಂತೆ ಮುಂದಿನ ಸೀಟಿನ ಕಂಬಿ ಹಿಡಿದಳು.

ಬೇರೆ ಬೇರೆ ಧರ್ಮಗಳ ಮಾತುಗಳನ್ನು ಆರಿಸಿ, ದೇವರ ಹೆಸರು, ಊರ ಹೆಸರು ಎಲ್ಲ ತೆಗೆದಿದ್ದಳು. ಲೋಕ ಹೇಗೆ ಹುಟ್ಟಿತು, ಕಡಲು ಯಾರ ಮಾತು ಕೇಳಿತು. ಅವನು ಒಂದೊಂದನ್ನೂ ಪ್ರಾಮಾಣಿಕವಾಗಿ ತೂಗಿದ. ಕೊನೆಗೆ, ತಾಯಿಯ ಅಳು ಕೇಳಿ ಸತ್ತ ಮಗ ಎದ್ದು ಕೂತ ಕಥೆ ಬಂತು. ಅಂಥ ಕಥೆ ಹಲವು ಧರ್ಮಗಳಲ್ಲಿದೆ. ಅವನು ಪರರದೆಂದೇ ತಿಳಿದ.

"ಯಾರರೆ ನೋಡ್ಯಾರೇನು? ಇದು ಆಗೂ ಮಾತಲ್ಲ."

ಪೂರ್ವಾ ಗೆದ್ದಿದ್ದಳು. "ಅದು ನಿಮ್ಮ ಮನಿ ಪುರಾಣದ್ದರಿ," ಎಂದಳು ಮೆಲ್ಲಗೆ.

ಅವನ ಮುಖ ಸಣ್ಣದಾಯಿತು. ವಿಜಯಪುರದ ಸ್ಟೇಷನ್ ರಸ್ತೆ ಬಂತು. ಇಳಿಯುವಾಗ ಹೇಳಿದ: "ಮಂದಿ ಗ್ರಂಥಕ್ಕ ಸಾಕ್ಷಿ ಕೇಳ್ತಿದ್ದೆ. ನಮ್ಮದಕ್ಕ ಎಂದೂ ಕೇಳಿಲ್ಲ ನೋಡ್ರಿ. ಆದ್ರೂ ನಾಳೆ ಊರಾಗ ಪುರಾಣ ಓದಾವ ನಾನ. ಅಪ್ಪಾಗ ಕಣ್ಣು ಕಾಣಂಗಿಲ್ಲ."

ಆ ಮಾತೇ ಅವಳನ್ನು ಮರುದಿನ, ಭಾನುವಾರ, ಬಬಲೇಶ್ವರಕ್ಕೆ ಕರೆತಂದಿತು. ಮನೆಯನ್ನು ನೋಡದೆ ಉತ್ತರ ಕೊಡುವುದು ಅವಳಿಗೆ ಸರಿಯೆನಿಸಲಿಲ್ಲ.

ಪಡಸಾಲೆಯಲ್ಲಿ ಅವನು ಓದುತ್ತಿದ್ದ. ಗೋಡೆಗೊರಗಿ ತಂದೆ ಕೇಳುತ್ತಿದ್ದರು. ಸತ್ತ ಮಗ ಎದ್ದು ಕೂತಾಗ ಪೂರ್ವಾಳಿಗೆ ತಡೆಯಲಾಗಲಿಲ್ಲ.

"ಇದನ್ನ ನಂಬಾಕ ಆಗಂಗಿಲ್ರಿ ನನಗ."

ಓದು ನಿಂತಿತು. ಮುದುಕರು ದನಿ ಬಂದತ್ತ ತಿರುಗಿದರು. "ಯಾಕವ್ವಾ?"

ಅವಳು ಕಾರಣಗಳನ್ನು ಹೇಳಿದಳು. ಅವರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು.

"ನನಗೂ ಅದ ಸಂಶಯ, ಸಣ್ಣಾವಿದ್ದಾಗಿಂದ," ಎಂದರು. "ಆದ್ರ ಆ ತಾಯಿ ಅಳೂ ಮುಂದ ನನಗೂ ಅಳು ಬರ್ತದ. ಅದಂತೂ ಸುಳ್ಳಲ್ಲವ್ವಾ. ನೀ ನಂಬಬ್ಯಾಡ. ಹಿಂಗ ಬಂದು ಕೇಳು, ತಿಳೀಲಿಲ್ಲಂದ್ರ ಜಗಳಾಡು. ಇಷ್ಟು ವರ್ಷ ಬರೇ ತಲಿ ಆಡಸಾವರ ಬಂದಾರ."

ಧೀರೇಂದ್ರ ಮತ್ತೆ ಓದತೊಡಗಿದ. ಪೂರ್ವಾ ಕುರ್ಚಿಯಿಂದೆದ್ದು ಅವನ ಪಕ್ಕದಲ್ಲಿ, ಚಾಪೆಯ ಮೇಲೆ ಕೂತಳು. ಅವನ ಕಿವಿಯ ಹತ್ತಿರ ಏನೋ ಹೇಳಿದಳು. ಅವನ ಕಿವಿ ಕೆಂಪಾಯಿತು; ಓದುತ್ತಿದ್ದ ಸಾಲು ಕೈತಪ್ಪಿತು.

"ಯಾಕೋ, ಸುಮ್ಮನಾದಿ?" ತಂದೆ ಕೇಳಿದರು.

"ಪೂರ್ವಾ ಹೂಂ ಅಂದ್ಳಪಾ."

"ಪುರಾಣಕ್ಕೇನೋ?"

"ಇಲ್ಲ. ನನಗ."