ತ್ಯೂನಿಸ್‌ಗೆ ಇಟ್ಟ ಎಡೆ

“ಅವನ ಹೆಸರು ಬರೆದುಕೊಳ್ಳಿ, ಪರವಾಗಿಲ್ಲ. ಬಾಯಿಬಿಟ್ಟು ಮಾತ್ರ ಕರೆಯಬೇಡಿ. ಊಟದ ಮುಂದಂತೂ ಬೇಡವೇ ಬೇಡ.”

ಇಂಗ್ಲಿಷಿನಲ್ಲಿ ಇಷ್ಟು ಹೇಳಿ ಕಾರ್ನೀಲಿಯಾ ಚರ್ಚಿನ ಹಳೆಯ ದಾಖಲೆ ಪುಸ್ತಕವನ್ನು ಮುಚ್ಚಿದರು. ವಾನ್ ಹೀಸ್ಟರ್ ಎಂಬ ಡಚ್ ಮನೆತನದಲ್ಲಿ ಉಳಿದಿದ್ದವರು ಈ ಮುದುಕಿಯೊಬ್ಬರೇ. ಎದುರಿಗೆ ಕೂತಿದ್ದ ಮಂಜೇಶ್ ತುಟಿಯಂಚಿನಲ್ಲಿ ನಕ್ಕ. ಆಫೀಸಿನಲ್ಲಿ ಅವನ ಕೈಕೆಳಗಿನವರಿಗೆಲ್ಲ ಆ ನಗೆ ಚೆನ್ನಾಗಿ ಗೊತ್ತಿತ್ತು. ಎದುರಿಗಿರುವವರು ದಡ್ಡರು ಎಂದು ತೀರ್ಮಾನಿಸಿದಾಗ ಬರುವ ನಗೆ ಅದು. ದಿನವಿಡೀ ಬರುತ್ತಲೇ ಇರುತ್ತಿತ್ತು.

ಅಮೆರಿಕದ ಹಿಲ್ಸ್‌ಬರೋದಲ್ಲಿ ಈ ಮನೆತನದವರು ಕಟ್ಟಿಸಿದ್ದ ಕಲ್ಲಿನ ಮನೆಯನ್ನು ಅವನು ಹಿಂದಿನ ವರ್ಷ ಕೊಂಡಿದ್ದ. ಕೊಂಡರೆ ಸಾಕೇ? ಬಾಗಿಲ ಪಕ್ಕ ಹಿತ್ತಾಳೆಯ ಫಲಕ ಬೇಕು. ಕನ್ನಡ ಸಂಘದವರು ಊಟಕ್ಕೆ ಬಂದಾಗ ಅದರ ಮುಂದೆ ನಿಂತು ಇತಿಹಾಸ ಕೊರೆಯಬೇಕು. ಅದಕ್ಕಾಗಿ ವೀಕೆಂಡ್ ಪೂರ್ತಿ ಚರ್ಚಿನ ದಾಖಲೆಗಳನ್ನೂ ಕೋರ್ಟಿನ ಹಳೇ ವಿಲ್ಲುಗಳನ್ನೂ ಜಾಲಾಡಿ ವಂಶವೃಕ್ಷ ಬರೆಯುತ್ತಿದ್ದ. ಸ್ವಂತ ಮುತ್ತಜ್ಜನ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುವ ಈ ಮಹಾಶಯನಿಗೆ ಡಚ್ಚರ ಮುತ್ತಜ್ಜಂದಿರೆಲ್ಲ ಬಾಯಿಪಾಠವಾಗಿದ್ದರು.

ಕಾರ್ನೀಲಿಯಾ ಕರೆಯಬೇಡಿ ಎಂದ ತ್ಯೂನಿಸ್ ಹಿಂದಿನ ಕಾಲದಲ್ಲಿ ಆ ಮನೆಯ ಹಿರಿಯ ಮಗ. ಚರ್ಚಿನಲ್ಲಿ ಅವನಿಗೆ ಹೆಸರಿಟ್ಟ ದಾಖಲೆಯಿತ್ತು, ಹೂತ ದಾಖಲೆಯಿರಲಿಲ್ಲ. ಅಪ್ಪನ ವಿಲ್ಲಿನಲ್ಲಿ ಅವನ ಪಾಲಿಗೆ ಬಂದದ್ದು ಒಂದು ತುಕ್ಕು ಹಿಡಿದ ಬಂದೂಕು; ಉಳಿದದ್ದೆಲ್ಲ ತಮ್ಮಂದಿರಿಗೆ. ಮಿಕ್ಕ ಕತೆಯನ್ನು ಕಾರ್ನೀಲಿಯಾ ಹೇಳಿದ್ದರು. ಅಪ್ಪ ಅವನನ್ನು ಉಣ್ಣುವ ಮೇಜಿನಿಂದ ಎಬ್ಬಿಸಿ ಹಿಮದೊಳಕ್ಕೆ ಅಟ್ಟಿದ್ದ. ಹೋಗುವ ಮುನ್ನ ಮಗ ತನ್ನ ಕೂದಲು, ಉಗುರುಗಳನ್ನು ಹೊಸ್ತಿಲಡಿ ಹೂತು ಮಾಟ ಮಾಡಿದ್ದ. ಈ ಮನೆಯಲ್ಲಿ ಯಾರು ತನ್ನನ್ನು ಊಟಕ್ಕೆ ಕರೆಯುತ್ತಾರೋ ಅವರ ಹಿರಿಯ ಮಗನ ಜಾಗದಲ್ಲಿ ಬಂದು ಕೂರುತ್ತೇನೆ ಎಂದಿದ್ದ.

ಮಂಜೇಶನಿಗೆ ಇದ್ದದ್ದು ಒಬ್ಬನೇ ಮಗ, ಧ್ರುವ್.

ಮಹಾಲಯ ಅಮಾವಾಸ್ಯೆ ಬಂತು. ಮದ್ದೂರಿನಿಂದ ಬಂದಿದ್ದ ಮಂಜೇಶನ ತಾಯಿ ತಾಯಮ್ಮ ಮಧ್ಯಾಹ್ನ ಊಟದ ಕೋಣೆಯಲ್ಲಿ ಹಿರಿಯರಿಗೆ ಎಡೆ ಇಟ್ಟರು. ಐಸೆಲಿನ್‌ನ ಇಂಡಿಯನ್ ಅಂಗಡಿಯಿಂದ ತಂದ ಬಾಳೆಲೆಗಳ ಮೇಲೆ ಮುದ್ದೆ, ಮಟನ್ ಸಾರು, ವಡೆ. ಸತ್ತವರನ್ನು ಹೆಸರು ಹಿಡಿದು ಉಣ್ಣಲು ಕರೆದು, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು ಅವರ ಮನೆಯ ಪದ್ಧತಿ.

ಮಂಜೇಶ್ ಇನ್ನೊಂದು ಎಲೆ ತಂದು ಹಾಕಿದ.

“ಇದ್ಯಾರಿಗೋ?” ಎಂದರು ತಾಯಮ್ಮ.

“ತ್ಯೂನಿಸ್‌ಗೆ. ವೀಸಾ ಇಲ್ದೆ ಅಪ್ಪ ಮದ್ದೂರಿಂದ ಬರ್ಬೋದಾದ್ರೆ ಇವನು ಯಾಕಮ್ಮ ಬರ್ಬಾರ್ದು? ಇವನು ಲೋಕಲ್.”

“ಬ್ಯಾಡ ಕಣಪ್ಪ. ನಮ್ಮೋರಲ್ಲದೋರ್ನ ಎಡೆಗೆ ಕರೀಬಾರ್ದು.”

“ರೀ, ಪ್ಲೀಸ್,” ಎಂದಳು ಹೆಂಡತಿ ಸಿಂಧು. “ಆ ಆಂಟಿ ಅಷ್ಟು ಸೀರಿಯಸ್ಸಾಗಿ ವಾರ್ನ್ ಮಾಡಿದಾರೆ.”

“ಇಂಜಿನಿಯರಿಂಗ್ ಓದಿದೀಯ ಅಂತ ಯಾರ್ಗೂ ಹೇಳ್ಬೇಡ,” ಎಂದ ಮಂಜೇಶ್. ಆಮೇಲೆ ನಾಟಕದವನ ಹಾಗೆ ಕೈಮುಗಿದು ರಾಗವೆಳೆದ. “ನಮ್ಮನೆ ಹಿರಿಮಗ ತ್ಯೂನಿಸಪ್ಪಾ, ಬಾರಪ್ಪ, ಉಣ್ಣು.”

ಬಾಗಿಲು ಮುಚ್ಚಿ ಮೂವರೂ ಹೊರಗೆ ನಿಂತರು. ಮಹಡಿಯ ಮೇಲೆ ಧ್ರುವ್‌ನ ವಿಡಿಯೋ ಗೇಮ್ ಸದ್ದು ಮಾಡುತ್ತಿತ್ತು. ದಪ್ಪ ಗೋಡೆ, ಗಿಡ್ಡ ಸೂರಿನ ಆ ಮನೆಯಲ್ಲಿ ಹಗಲಲ್ಲೂ ಅರೆಗತ್ತಲು. ಮೊದಲು ವಾಸನೆ ಬಂತು. ಒದ್ದೆ ಉಣ್ಣೆಯ ವಾಸನೆ, ತಣ್ಣಗಾದ ಬೂದಿಯ ವಾಸನೆ, ಅದರಡಿಯಲ್ಲಿ ಎಲ್ಲೋ ಕೊಳೆತ ಮಾಂಸದ್ದು. ಬಾಗಿಲಡಿಯಿಂದ ಚಳಿ ನುಗ್ಗಿ ಅವರ ಪಾದಗಳನ್ನು ಕೊರೆಯಿತು. ಆಮೇಲೆ ಒಳಗಿನಿಂದ ಸದ್ದು ಕೇಳಿಸಿತು. ಸೊರ್ ಸೊರ್ ಎಂದು ಸಾರು ಹೀರುವ ಸದ್ದು. ಕಟಕಟ ಎಂದು ಮೂಳೆ ಕಡಿಯುವ ಸದ್ದು.

ಮಹಡಿಯ ಮೇಲಿನ ಗೇಮ್ ನಿಂತುಹೋಯಿತು.

“ಧ್ರುವ್?” ಸಿಂಧು ಕೂಗಿದಳು.

ಮಂಜೇಶ್ ಬಾಗಿಲು ತಳ್ಳಿದ. ಹಿರಿಯರ ಎಲೆಗಳು ಇಟ್ಟ ಹಾಗೇ ಇದ್ದವು. ಕೊನೆಯ ಎಲೆ ಮಾತ್ರ ನೆಕ್ಕಿದಷ್ಟು ಸ್ವಚ್ಛವಾಗಿತ್ತು. ಅದರ ಮುಂದೆ ಧ್ರುವ್ ಕೂತಿದ್ದ. ಬೆರಳ ತುದಿಗಳು ಹಿಮ ಕಚ್ಚಿದಂತೆ ಕಪ್ಪಾಗಿದ್ದವು. ಉಸಿರು ಹೊಗೆಯಾಡುತ್ತಿತ್ತು.

“ಅಪ್ಪ, ಇನ್ನೂ ಬಡಿಸು.”

ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗ ಅವನು. ಈಗ ಒಂದಕ್ಷರ ತೊದಲದೆ ಕೇಳಿದ. ದನಿ ಮಾತ್ರ ಗಡ್ಡ ಬಂದ ಗಂಡಸಿನದು.

ತಾಯಮ್ಮ ಉಳಿದ ಎಲೆಗಳನ್ನೂ ಅವನ ಮುಂದೆ ತಳ್ಳಿದರು. ಅವನು ತಿಂದ. ಎಲೆಗಳನ್ನೂ ತಿಂದ. ತಿಂದಷ್ಟೂ ಕೆನ್ನೆ ಗುಳಿಬಿದ್ದವು, ಕಣ್ಣು ಒಳಕ್ಕೆ ಇಳಿದವು. ಎಲ್ಲ ಮುಗಿದ ಮೇಲೆ ತನ್ನ ಅಂಗೈಯನ್ನೇ ಬಾಯಿಗಿಟ್ಟು ಕಚ್ಚಿದ. ರಕ್ತ ತೊಟ್ಟಿಕ್ಕಿತು. ಸಿಂಧು ಹಲ್ಲು ಬಿಡಿಸಲು ಹೋದಳು. ಆಗಲಿಲ್ಲ.

ಮಂಜೇಶ್ ಕಾರ್ನೀಲಿಯಾಗೆ ಫೋನ್ ಮಾಡಿದ. ಆಕೆಗೆ ಏನೂ ವಿವರಿಸಬೇಕಾಗಲಿಲ್ಲ.

“ಒಂದೇ ದಾರಿ,” ಎಂದರು. “ಅವನ ಅಪ್ಪ ಅವನಿಗೆ ಹೇಳಿದ್ದನ್ನೇ ನೀವೂ ಹೇಳಬೇಕು. ನೀನು ನನ್ನ ಮಗನಲ್ಲ, ಈ ಮನೆಯಲ್ಲಿ ನಿನಗೆ ಜಾಗವಿಲ್ಲ ಎಂದು. ಕಣ್ಣಲ್ಲಿ ಕಣ್ಣಿಟ್ಟು.”

“ಹೇಳಿದರೆ?”

“ಮಗ ಉಳಿಯುತ್ತಾನೆ. ಅಪ್ಪ ಉಳಿಯುವುದಿಲ್ಲ.”

ಮಂಜೇಶ್ ಹಿಂಜರಿದ. ಹೇಳಲು ನಾಚಿಕೆಯಾಗುತ್ತದೆ, ಆದರೆ ಹಿಂಜರಿದದ್ದು ನಿಜ. ಮಗ ತನ್ನ ಕೈ ಅಗಿಯುತ್ತಿದ್ದಾಗ ಈ ಮನುಷ್ಯ ತನ್ನ ಪ್ರಾಣದ ಲೆಕ್ಕ ಹಾಕುತ್ತಿದ್ದ. ಸಿಂಧು ಅವನ ಮುಖ ನೋಡಿದಳು. ಅಂಥ ನೋಟವನ್ನು ಅವನು ಅದುವರೆಗೂ ಇತರರಿಗೆ ಕೊಟ್ಟಿದ್ದ, ಯಾರಿಂದಲೂ ಪಡೆದಿರಲಿಲ್ಲ.

ಅವನು ಮಗನ ಮುಂದೆ ಕುಸಿದು ಕೂತ. ಆ ಕಣ್ಣುಗಳು ಅವನನ್ನೇ ನೋಡಿದವು. ಅವುಗಳಲ್ಲಿ ಹಸಿವಿತ್ತು. ಅದಕ್ಕಿಂತ ಹೆಚ್ಚಾಗಿ ಆಸೆಯಿತ್ತು.

“ಅಪ್ಪ, ಕಳಿಸ್ಬೇಡ. ಹೊರಗೆ ಚಳಿ.”

“ನೀನು ನನ್ನ ಮಗ ಅಲ್ಲ,” ಎಂದ ಮಂಜೇಶ್. “ಈ ಮನೇಲಿ ನಿಂಗೆ ಜಾಗ ಇಲ್ಲ.”

ಎಡೆಯ ಮುಂದೆ ಹಚ್ಚಿಟ್ಟಿದ್ದ ದೀಪ ಆರಿತು. ಮುಂಬಾಗಿಲು ತಾನಾಗಿ ತೆರೆಯಿತು. ಏನೋ ಅವನ ಭುಜ ಸವರಿಕೊಂಡು ದಾಟಿತು. ಮಂಜಿನಷ್ಟು ತಣ್ಣಗಿತ್ತು. ಬಾಗಿಲು ಬಡಿಯಿತು.

ಧ್ರುವ್ ಕೆಮ್ಮಿದ. ಬೆರಳುಗಳಿಗೆ ಬಣ್ಣ ಮರಳಿತ್ತು. ಅಮ್ಮನ ಕುತ್ತಿಗೆಗೆ ಜೋತುಬಿದ್ದು, ಕೈ ನೋಯುತ್ತಿದೆ ಎಂದು ಅತ್ತ. ಅಜ್ಜಿಯ ಸೆರಗು ಹಿಡಿದುಕೊಂಡ. ಮಂಜೇಶ್ ತನ್ನ ಎದೆ ಮುಟ್ಟಿ ನೋಡಿಕೊಂಡ. ಹೊಡೆದುಕೊಳ್ಳುತ್ತಿತ್ತು. ಸತ್ತಿರಲಿಲ್ಲ. ಮುದುಕಿ ಸುಮ್ಮನೆ ಹೆದರಿಸಿದಳು ಎಂದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾ ಮಗನತ್ತ ಎರಡೂ ಕೈ ಚಾಚಿದ.

ಹುಡುಗ ಅಮ್ಮನ ಹಿಂದೆ ಸರಿದು ಅವಿತುಕೊಂಡ.

“ಮಾಮ್,” ಎಂದ ಮೆಲ್ಲಗೆ, “ವೈ ಈಸ್ ದಟ್ ಅಂಕಲ್ ಕ್ರೈಯಿಂಗ್?”