ಅಭಿಪ್ರಾಯದ ಚೀಟಿ

"ಸರ್, ಇದು ಲಾಡ್ಜ್ ಅಲ್ಲ. ಏಳ್ತೀರಾ?"

ಅವರಿಬ್ಬರ ನಡುವಿನ ಮೊದಲ ಮಾತು ಇದೇ. ದುಬಾರಿ ಆಡಿಯೊ ಸೆಟ್‌ಗಳ, ವರ್ಷಕ್ಕೊಮ್ಮೆ ನಡೆಯುವ ಮೂರು ದಿನದ ಶೋ. ಹೋಟೆಲಿನ ಒಂದು ಕೋಣೆಯಿಂದ ಮಂಚ ಹೊರಗೆ ಹಾಕಿಸಿ, ಆಳೆತ್ತರದ ಎರಡು ಸ್ಪೀಕರ್ ನಿಲ್ಲಿಸಿ, ಕಂಪನಿಯ ಪರವಾಗಿ ಡೆಮೊ ಕೊಡುವುದು ಅವಳ ಕೆಲಸ. ಪಿಟೀಲಿನ ರೆಕಾರ್ಡ್ ಮುಗಿಸಿ, ಸೂಜಿ ಎತ್ತಿ ತಿರುಗಿದರೆ, ನಡುವಿನ ಕುರ್ಚಿಯಲ್ಲಿದ್ದ ಗಿರಾಕಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ.

ಅವನು ಬೆಚ್ಚಿ ಕಣ್ಣು ಬಿಟ್ಟ. "ಅಯ್ಯೋ, ತಪ್ಪಾಯ್ತು. ಹಲ್ಲಿನ ಡಾಕ್ಟರು ನಾನು. ದಿನವಿಡೀ ಕಿವಿ ಪಕ್ಕದಲ್ಲೇ ಡ್ರಿಲ್ಲು ಕಿರುಚ್ತಿರುತ್ತೆ. ಈ ಪಿಟೀಲು ಕೇಳಿದ್ದೇ ತಡ, ಯಾರೋ ತಲೆ ನೇವರಿಸಿದ ಹಾಗಾಯ್ತು."

"ಅಂದ್ರೆ ಸ್ಪೀಕರ್ ಪಾಸಾ, ಫೇಲಾ?"

"ಸ್ಪೀಕರ್ ಪಾಸು. ಎಬ್ಬಿಸಿದೋರು ಫೇಲು."

ಅವಳು ತುಟಿ ಕಚ್ಚಿ ನಗು ತಡೆದಳು. ಅದು ಅವನಿಗೆ ಕಂಡಿತು. ಕಂಡಿತೆಂದು ಅವಳಿಗೂ ಗೊತ್ತಾಯಿತು. ಆಂಪ್ಲಿಫೈಯರ್ ಹಿಂದೆ ಕೂತು ವೈರು ಜೋಡಿಸುತ್ತಿದ್ದ ಹಿರಿಯ ಟೆಕ್ನಿಷಿಯನ್, ಎಲ್ಲರ ಬಾಯಲ್ಲಿ ವೈರ್ ಮಾಮ, ಕೆಮ್ಮಿದಂತೆ ಮಾಡಿ ನಕ್ಕ.

ಎರಡನೇ ವರ್ಷವೂ ಬಂದ. ಮೂರು ದಿನವೂ ಬಂದ. ಯಾವ ದನಿ ಎಲ್ಲಿಂದ ಕೇಳುತ್ತದೆಂದು ತೋರಿಸಲು ಅವಳು ಕೈಯಿಂದ ಗಾಳಿಯಲ್ಲಿ ಗೆರೆ ಎಳೆಯುತ್ತಿದ್ದಳು: ಇಲ್ಲಿ ಹಾಡುವವಳು, ಇಲ್ಲಿ ಪಿಟೀಲು. ಅವನ ಕಣ್ಣು ಮಾತ್ರ ಗೆರೆ ಬಿಟ್ಟು ಬೆರಳ ಮೇಲೇ ಇರುತ್ತಿತ್ತು. "ಡಾಕ್ಟ್ರೇ, ಕೇಳೋದು ಕಿವಿಯಿಂದ" ಎಂದರೆ, "ನೋಡಬೇಡಿ ಅಂತ ಬೋರ್ಡ್ ಹಾಕಿಲ್ವಲ್ಲ" ಎನ್ನುತ್ತಿದ್ದ. ಮೂರನೇ ವರ್ಷ ಹೊರಡುವಾಗ ಬಾಗಿಲಲ್ಲಿ ನಿಂತು ಏನೋ ಹೇಳಹೊರಟ. ಅಷ್ಟರಲ್ಲಿ ಗಿರಾಕಿಗಳ ಗುಂಪು ನುಗ್ಗಿತು. ಅವಳ ಎದೆಯಲ್ಲೂ ಒಂದು ಮಾತಿತ್ತು. ಗಂಡಸು ತಾನೇ ಮೊದಲು ಹೇಳಲಿ ಎಂದು ಸುಮ್ಮನಾದಳು.

ನಾಲ್ಕನೇ ವರ್ಷ ಅವನು ಬರಲಿಲ್ಲ. ಮೂರು ದಿನ ಅವಳು ಬಾಗಿಲಿಗೇ ಮುಖ ಮಾಡಿ ಡೆಮೊ ಕೊಟ್ಟಳು.

ಈ ವರ್ಷ ಬಂದ. ಜೊತೆಗೊಬ್ಬಳು ಹುಡುಗಿ.

"ಮುಂದಿನ ತಿಂಗಳು ನಮ್ಮ ಮದುವೆ," ಹುಡುಗಿಯೇ ಹೇಳಿದಳು. ಮುಖದ ತುಂಬ ನಗು, ಕಪಟವಿಲ್ಲ. "ಅಕ್ಕಾ, ನನಗೆ ಇದರ ಗಂಧಗಾಳಿ ಇಲ್ಲ. ಹೊಸ ಮನೆಗೆ ಯಾವುದು ಹೊಂದುತ್ತೋ ನೀವೇ ಹೇಳ್ಬೇಕು."

ಮನೆಯ ವಿವರ ಕೇಳದೆ ಸೆಟ್ ಹೇಳುವಂತಿಲ್ಲ. ಅವಳು ಕಾಗದ ತೆಗೆದುಕೊಂಡಳು. ಹಾಲ್ ಎಷ್ಟು ಉದ್ದ? ಇಪ್ಪತ್ತು ಅಡಿ. ಕಿಟಕಿ ಯಾವ ಕಡೆ? ಎಡಕ್ಕೆ, ಪರದೆ ಹಸಿರು. ಸೋಫಾ? ಗೋಡೆಗೆ ಒತ್ತಿದ ಹಾಗೆ, ಪಕ್ಕದಲ್ಲೇ ಅಡುಗೆಮನೆ ಬಾಗಿಲು. ಹೇಳಿದ್ದನ್ನೆಲ್ಲ ಪೆನ್ನು ಬರೆಯುತ್ತ ಹೋಯಿತು. ಅವಳು ಎಂದೂ ಕಾಲಿಡದ ಮನೆ ಅವಳ ಕೈಯಿಂದಲೇ ಕಾಗದದ ಮೇಲೆ ಎದ್ದು ನಿಂತಿತು.

"ಎಷ್ಟು ಜನ ಕೂತು ಕೇಳ್ತೀರಿ?"

"ಸದ್ಯಕ್ಕೆ ಇಬ್ಬರು," ಎಂದು ಹುಡುಗಿ ನಾಚಿ ಅವನ ತೋಳು ಚಿವುಟಿದಳು.

ಅವಳು '೨' ಎಂದು ಬರೆದಳು. ಅಂಕಿ ಸೊಟ್ಟಗಾಯಿತು.

ರೆಕಾರ್ಡ್ ಹಾಕಿದಳು. ಎಂದಿನಂತೆ ವಿವರಿಸಿದಳು. ಕೈ ಮಾತ್ರ ಮಡಿಲಲ್ಲೇ ಉಳಿಯಿತು. ನಡುವೆ ಹುಡುಗಿಗೆ ಫೋನ್ ಬಂತು. "ಅಮ್ಮ!" ಎಂದು ಹೊರಗೆ ಓಡಿದಳು.

ಹಾಡು ನಿಂತಿತು. ಅವನು ನೆಲ ನೋಡುತ್ತಲೇ ಕೇಳಿದ: "ಒಂದು ಮಾತು ಕೇಳಲಾ? ಮೂರನೇ ವರ್ಷ ಅಭಿಪ್ರಾಯದ ಚೀಟಿ ಕೊಟ್ಟಿದ್ರಲ್ಲ, ಅದರ ಹಿಂದೆ ಬರೆದಿದ್ದೆ. ಶೋ ಇಲ್ಲದ ದಿನಾನೂ ನಿಮ್ಮನ್ನ ನೋಡಬೇಕು ಅಂತ. ಎದುರಿಗೆ ಹೇಳೋಕೆ ಧೈರ್ಯ ಸಾಲಲಿಲ್ಲ. ನಂಬರ್ ಬರೆದು ಡಬ್ಬಿಗೆ ಹಾಕಿದೆ. ಒಂದು ವರ್ಷ ಕಾದೆ. ಪೇಷಂಟ್ ಬಾಯಲ್ಲಿ ಕೈ ಇದ್ದಾಗ ಫೋನ್ ಬಂದ್ರೂ ಎದ್ದು ಓಡ್ತಿದ್ದೆ." ನಗಲು ನೋಡಿದ, ಆಗಲಿಲ್ಲ. "ಬೇಡ ಅನ್ನೋದು ನಿಮ್ಮಿಷ್ಟ. ಆ ಚೀಟಿ ನೀವು ನೋಡಿದ್ರಾ? ಅಷ್ಟು ಹೇಳಿ ಸಾಕು."

ನೋಡಿರಲಿಲ್ಲ. ಬೀಗ ಹಾಕಿದ ಆ ಡಬ್ಬಿ ಪ್ರತಿವರ್ಷ ನೇರವಾಗಿ ಹೆಡ್ ಆಫೀಸಿಗೆ ಹೋಗುತ್ತಿತ್ತು. 'ಇಲ್ಲ' ಎಂಬ ಎರಡಕ್ಷರ ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ತಲೆಯೆತ್ತಿ ನೋಡುತ್ತಿದ್ದ. ಅವಳು ಬಾ ಎಂದರೆ ಈಗಲೂ ಎಲ್ಲ ಬಿಟ್ಟು ಬಂದಾನು ಎನ್ನುವಂಥ ನೋಟ. ಹೊರಗಿಂದ ಹುಡುಗಿಯ ದನಿ ಕೇಳುತ್ತಿತ್ತು: "ಹೂಂ ಅಮ್ಮ, ಅವರಿಗೂ ಇಷ್ಟ ಆಗಿದೆ. ಇಲ್ಲೊಬ್ಬರು ಅಕ್ಕ ಇದಾರೆ, ಎಷ್ಟು ಚೆನ್ನಾಗಿ ಹೇಳಿಕೊಡ್ತಾರೆ ಗೊತ್ತಾ!"

"ನೋಡಿದ್ದೆ," ಎಂದಳು.

ಅವನ ಭುಜ ಇಳಿಯಿತು. "ಸರಿ. ಎಲ್ಲಾದ್ರೂ ಕಳೆದುಹೋಯ್ತೇನೋ ಅಂತ ಒಂದು ಹುಳ ಕೊರೀತಿತ್ತು."

"ಕಳೆದಿರಲಿಲ್ಲ ಡಾಕ್ಟ್ರೇ. ಸುಖವಾಗಿರಿ."

ಹುಡುಗಿ ಒಳಗೆ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ಮನೆಗೆ ನೀವೇ ಬಂದು ಜೋಡಿಸಿಕೊಡ್ಬೇಕು."

"ಮಾಮ ಬರ್ತಾರಮ್ಮ. ನನಗಿಂತ ಚೆನ್ನಾಗಿ ಜೋಡಿಸ್ತಾರೆ."

ಅವರು ಹೋದ ಮೇಲೆ ವೈರ್ ಮಾಮ ಆಂಪ್ಲಿಫೈಯರ್ ಹಿಂದಿನಿಂದ ಎದ್ದು ಬಂದ. "ಯಾಕಮ್ಮ ಸುಳ್ಳು ಹೇಳಿದೆ? ಆ ಡಬ್ಬಿ ಕೀಲಿ ನಮ್ಮ ಹತ್ರ ಯಾವತ್ತಿತ್ತು?"

"ನಿಜ ಹೇಳಿದ್ರೆ ಮೂರು ಜನ ಅಳ್ಬೇಕಿತ್ತು ಮಾಮ."

"ಈಗ?"

ಬಾಗಿಲಲ್ಲಿ ಮುಂದಿನ ಗುಂಪು ಕಾಯುತ್ತಿತ್ತು. ಅವಳು ಮುಖಕ್ಕೆ ನಗು ತಂದುಕೊಂಡು, "ಬನ್ನಿ, ಕೂತ್ಕೊಳ್ಳಿ" ಎಂದಳು.

ಸೋಮವಾರ ಅವಳು ಹೆಡ್ ಆಫೀಸಿಗೆ ಹೋದಳು. ಹಳೆಯ ಚೀಟಿಗಳು ಸಿಗುತ್ತವೆಯೇ ಎಂದು ಕೇಳಿದಳು. ಗುಮಾಸ್ತೆ ತಲೆಯಾಡಿಸಿದಳು. "ಕಂಪ್ಯೂಟರಿಗೆ ಹಾಕಿ ಎಲ್ಲ ರದ್ದಿಗೆ ಹಾಕ್ತೀವಿ. ಯಾರದು ಬೇಕಿತ್ತು ಹೇಳಿ, ಇದರಲ್ಲಿ ಹುಡುಕ್ತೀನಿ."

ಪರದೆಯ ಮೇಲೆ ಸಾಲು ಬಂತು. ಉದ್ಯೋಗ: ದಂತವೈದ್ಯ. ಅಭಿಪ್ರಾಯ: ತೃಪ್ತಿಕರ. ಮುಂದಿನ ಕ್ರಮ: ಅಗತ್ಯವಿಲ್ಲ.

"ಚೀಟಿ ಹಿಂದೆ ಬರೆದದ್ದು?"

"ಹಿಂದುಗಡೆ ಯಾರು ನೋಡ್ತಾರೆ ಮೇಡಂ?"

ಅವಳು ಲಿಫ್ಟ್‌ಗೆ ಕಾಯದೆ ಮೆಟ್ಟಿಲಿಳಿದಳು. ಎರಡು ಮಹಡಿಗಳ ನಡುವೆ ಕೂತುಬಿಟ್ಟಳು. ಕಂಬಿ ಹಿಡಿದು, ಯಾರಾದರೂ ಬಂದಾರೆಂಬ ಪರಿವೆಯಿಲ್ಲದೆ ಬಿಕ್ಕಿ ಬಿಕ್ಕಿ ಅತ್ತಳು. ಚೀಟಿಯ ಹಿಂದುಗಡೆ ನೋಡದಿದ್ದದ್ದು ಆಫೀಸಿನವರ ತಪ್ಪು ಎಂದು ಮನಸ್ಸನ್ನು ಸಂತೈಸಿಕೊಳ್ಳಲು ನೋಡಿದಳು. ಆದರೆ ಮೂರು ವರ್ಷ ಅವನು ಕೈಗೆಟುಕುವಷ್ಟು ಹತ್ತಿರ ಕೂತಿದ್ದ. ಬಾಯಿದ್ದೂ ತಾನು ಮೂಗಿಯಾದದ್ದಕ್ಕೆ ಯಾರನ್ನು ದೂರುವುದು?